ಬೆಣ್ಣಿ ಮತ್ತು ನಮ್ಮ ವೈನಿಯ ಸ್ಪ್ಯಾನಿಯಲ್ ಸಂಸಾರ

ನಾಯಿ ಸಾಕಿದವರ ಮನೆಗೆ ನಗೆಯ ಪ್ರಸಂಗಗಳನ್ನು ಯಾರೂ ಕರೆದು ತರಬೇಕಾಗಿಲ್ಲ. ಬಾಗಿಲು ತೆರೆದಿದ್ದರೆ ಸಾಕು, ತಾವಾಗಿಯೇ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತವೆ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಂತೂ ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಹೊಸ್ತಿಲಲ್ಲಿ ನಿಂತಿರುತ್ತದೆ. ಇದಕ್ಕೆಲ್ಲ ಕಾರಣ ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಮತ್ತು ವೈನಿಯ ಬೆಣ್ಣಿ.

ಬೆಣ್ಣಿ ಎಂದರೆ ರೊಟ್ಟಿಗೆ ಹಚ್ಚುವ ಬೆಣ್ಣೆಯಲ್ಲ, ಸ್ಪ್ಯಾನಿಯಲ್ ಜಾತಿಯ ಹೆಣ್ಣುನಾಯಿ. ಸ್ಪ್ಯಾನಿಯಲ್‌ಗಳಲ್ಲಿ ಬೇಟೆಗೆ ಹೋಗುವ ದೊಡ್ಡವೂ ಇವೆಯಂತೆ. ಇದು ಮನುಷ್ಯರ ತೊಡೆಯ ಮೇಲೆ ಕೂಡಲೆಂದೇ ಹುಟ್ಟಿದ ಸಣ್ಣ ತಳಿ. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ರೇಷ್ಮೆಯಂಥ ಜೋಲುಗಿವಿ, ಅರ್ಧ ಮುಖದ ತುಂಬ ಕಣ್ಣು. ಬೆಳಗಾವಿಯಲ್ಲಿರುವ ವೈನಿಯ ಕಾಕು, ಅಂದರೆ ಚಿಕ್ಕಮ್ಮ, ತಮ್ಮ ಮನೆಯ ಮರಿಗಳಲ್ಲಿ ಒಂದನ್ನು ಕೊಟ್ಟರು. ವೈನಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದಾಗ ಅಣ್ಣ ಮುಖ ಗಂಟು ಹಾಕಿಕೊಂಡ.

"ಇದೇನ ಬೊಂಬಿ ತಂದಿ? ಇದು ಬೊಗಳತೈತೋ, ಇಲ್ಲಾ ಕೀಲಿ ಕೊಡಬೇಕೋ?"

ಮರಿ ಅವನನ್ನು ಒಮ್ಮೆ ನೋಡಿತು. ನೆಟ್ಟಗೆ ಹೋಗಿ ಅವನ ಪಾದದ ಮೇಲೆ ಮಲಗಿತು. ನಮ್ಮದು ಬೀಜದ ಅಂಗಡಿ. ಊಟವಾದ ಮೇಲೆ ಅದರ ಬಾಗಿಲು ತೆಗೆಯುವವನು ಅಣ್ಣನೇ, ಆ ಕೀಲಿಯನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಅವತ್ತು ಕೀಲಿ ನನ್ನ ಕೈಗಿಟ್ಟ. "ಯಾಕಪಾ, ನೀ ಬರಂಗಿಲ್ಲೇನ?" ಎಂದೆ. ಅಣ್ಣ ಕಾಲು ಅಲುಗಾಡಿಸದೆ ಪಿಸುಗುಟ್ಟಿದ: "ಮಲಗೇತಿ. ಸಪ್ಪಳ ಮಾಡಬ್ಯಾಡ, ಹೋಗು."

ಹಾವೇರಿಯ ಗಂಡು

ವೈನಿ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ಈ ತಳಿಯ ಮರಿಗಳನ್ನು ಮಾಡಿಸಬೇಕೆಂಬ ಆಸೆ ಬಂದಾಗ ಮೊದಲು ಬೆಣ್ಣಿ ಪೂರ್ತಿ ಬೆಳೆಯುವವರೆಗೆ ಕಾದರು. ಕಾಕುಗೆ ಫೋನ್ ಮಾಡಿ ಮಾಡಿ ಎಲ್ಲ ಕೇಳಿ ತಿಳಿದುಕೊಂಡರು. ಈ ಜಾತಿಗೆ ಹೃದಯದ ಕಾಯಿಲೆ ಹೆಚ್ಚು, ಅದು ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ ಎಂದು ಗೊತ್ತಾದ ಮೇಲೆ ಬೆಣ್ಣಿಯ ಎದೆಯನ್ನು ಡಾಕ್ಟರಿಗೆ ತೋರಿಸಿದರು. ಅದು ಗಟ್ಟಿಯಾಗಿದೆ ಎಂದಾದ ಮೇಲೆಯೇ ಗಂಡು ಹುಡುಕಲು ಹೊರಟದ್ದು. ಹಾವೇರಿಯ ವಕೀಲರೊಬ್ಬರ ಮನೆಯಲ್ಲಿ ಇದೇ ತಳಿಯ ಗಂಡು ಇದೆ ಎಂದು ತಿಳಿಯಿತು. ಕಾರು ಓಡಿಸಲು ಎಂದಿನಂತೆ ನಾನು.

ವಕೀಲರು ಬಾಗಿಲಿಗೇ ಬಂದು ಕರೆದರು. ಹಿಂದೆಯೇ ಬಾಲ ಆಡಿಸುತ್ತ ಅವರ ನಾಯಿ. ಕಪ್ಪು ಮೈ, ಎರಡು ಹುಬ್ಬಿನ ಮೇಲೆ ಕುಂಕುಮ ಇಟ್ಟಂತೆ ಕಂದು ಬೊಟ್ಟು. ನನಗಂತೂ ನೋಡಿದ ಕೂಡಲೇ ಒಪ್ಪಿಗೆಯಾಯಿತು. ವೈನಿ ಮಾತ್ರ ಚಾದ ಕಪ್ಪು ಮುಟ್ಟುವ ಮೊದಲೇ ಕೇಳಿದರು: "ಇವನ ಎದಿ ತೋರಿಸೀರೇನ್ರಿ?"

"ಎದಿ? ಯಾಕ್ರಿ? ಗುಂಡಕಲ್ಲಿನಂಗ ಅದಾನ ನೋಡ್ರಿ."

"ನೋಡಾಕ ಎಲ್ಲಾರೂ ಹಂಗ ಇರ್ತಾರ್ರಿ. ಡಾಕ್ಟರ ಒಮ್ಮೆ ನಳಿಗಿ ಹಚ್ಚಿ ಕೇಳಲಿ. ಅಪ್ಪಂದು ಚಲೋ ಇದ್ರ ಮಕ್ಕಳದು ಚಲೋ."

ಕೋರ್ಟಿನಲ್ಲಿ ಸಾಕ್ಷಿಗಳ ಬೆವರಿಳಿಸುವ ಮನುಷ್ಯ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. "ಅಲ್ಲಬೇ ಅಕ್ಕಾರ, ನನ್ನ ಮಗಳಿಗೆ ವರಾ ನೋಡಿದಾಗ ನಾ ಬರೇ ನೌಕರಿ ಕೇಳಿದ್ನಿ. ಎದಿ ಕೇಳಲಿಲ್ಲ."

"ಅಳಿಯಂದಿರು ಈಗ ಆರಾಮ ಅದಾರಲ್ರಿ?" ಎಂದು ವೈನಿ ಖರೇನೇ ಕಾಳಜಿಯಿಂದ ಕೇಳಿದರು. ವಕೀಲರು ಎದ್ದು ನಾಯಿಯನ್ನು ಕಾರಿಗೆ ಹತ್ತಿಸಿಕೊಂಡು ದವಾಖಾನೆಗೆ ಹೊರಟೇಬಿಟ್ಟರು. ಎದೆ ಚೆನ್ನಾಗಿತ್ತು.

ಬೆಣ್ಣಿಗೆ ಸಮಯ ಬಂದಾಗ ಮತ್ತೆ ಹಾವೇರಿಗೆ ಹೋದೆವು. ಅಂಗಳದಲ್ಲಿ ಎರಡನ್ನೂ ಬಿಟ್ಟರು. ಅವು ಪರಸ್ಪರ ಮೂಸಿದವು, ಒಂದು ಸುತ್ತು ಓಡಿದವು, ಆಮೇಲೆ ಮಾವಿನ ಗಿಡದ ನೆರಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದವು. ಸುತ್ತ ಕುರ್ಚಿ ಹಾಕಿಕೊಂಡು ನಾವು: ವಕೀಲರು, ಅವರ ಹೆಂಡತಿ, ಅವರ ಕೈಕೆಳಗಿನ ಕಿರಿಯ ವಕೀಲರು, ಕಾಂಪೌಂಡಿನ ಆಚೆಯಿಂದ ಬಂದ ನೆರೆಯವರು, ವೈನಿ, ನಾನು. ವೈನಿಯ ಮುಖ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗಿತ್ತು. ಹೊತ್ತು ಹೋಗುತ್ತಲೇ ಇತ್ತು. ನಾಯಿಗಳು ಗೊರಕೆ ಹೊಡೆಯತೊಡಗಿದವು.

ಕೊನೆಗೆ ವಕೀಲರ ವಯಸ್ಸಾದ ತಾಯಿ ಅಡುಗೆಮನೆಯಿಂದ ಹೊರಬಂದು ನಮ್ಮನ್ನೆಲ್ಲ ನೋಡಿದರು.

"ಅಯ್ಯ ನನ ಶಿವನ! ಇಷ್ಟ ಮಂದಿ ಕನ್ನಡಕಾ ಏರಿಸಿಕೊಂಡು ಸುತ್ತ ಕುಂತ್ರ ಅವಕ್ಕರೆ ನಾಚಿಕಿ ಬರಬಾರದೇನ? ಏಳ್ರಿ ಎಲ್ಲಾರೂ. ಒಳಗ ಬಂದು ಅವಲಕ್ಕಿ ತಿನ್ರಿ."

ಎಲ್ಲರೂ ತಲೆ ತಗ್ಗಿಸಿ ಒಳಗೆ ಹೋದೆವು. ಅವಲಕ್ಕಿಯ ತಟ್ಟೆ ಖಾಲಿಯಾಗುವ ಹೊತ್ತಿಗೆ ಹೊರಗಿನ ಕೆಲಸವೂ ಕೈಗೂಡಿತ್ತು. ಅಜ್ಜಿ ವೈನಿಯ ಹತ್ತಿರ ಬಂದು ಸಮಾಧಾನದ ದನಿಯಲ್ಲಿ ಹೇಳಿದರು: "ನನ್ನ ಮಗ ಕುರ್ಚಿ ಹಾಕಿಸಿದ್ದನ್ನ ಮನಸಿಗೆ ಹಚ್ಚಿಕೋಬ್ಯಾಡ ತಂಗಿ. ಎಲ್ಲಾದಕ್ಕೂ ಸಾಕ್ಷಿ ಇರಬೇಕಂತಾನ. ಅದು ಕೋರ್ಟಿನ ಚಟ."

ಅಂಗಿಯೊಳಗಿನ ಸಪ್ಪಳ

ಬೆಣ್ಣಿ ಹಡೆದ ದಿನ ನಾನು ವೈನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕೊನೆಯ ಮರಿ ಉಸಿರಿಲ್ಲದೆ ಬಂತು. ಅಣ್ಣ ಮುಖ ತಿರುಗಿಸಿದ. ನಾನು ಗೋಡೆಗೆ ಒರಗಿದೆ. ವೈನಿ ಮಾತ್ರ ಮರಿಯ ಬಾಯೊಳಗಿನ ಲೋಳೆಯನ್ನು ಬೆರಳಿಂದ ತೆಗೆದು, ಟವೆಲಿನಲ್ಲಿ ಸುತ್ತಿ ತಿಕ್ಕಿದರು. ತಿಕ್ಕುತ್ತಲೇ ಇದ್ದರು. "ಬಾರವಾ, ಬಾ, ಎಲ್ಲಾರೂ ಬಂದಾರ, ನೀನೂ ಬಾ" ಎಂದು ಮಾತಾಡುತ್ತಲೇ ಇದ್ದರು. ನಾವು ಆಸೆ ಬಿಟ್ಟ ಮೇಲೆ ಇಲಿಯ ಮರಿ ಕಿಚಗುಟ್ಟಿದಂತೆ ಒಂದು ಸಣ್ಣ ದನಿ ಬಂತು. ನಾಯಿ ಅಡುಗೆಮನೆ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದ್ದ ನಮ್ಮವ್ವ ತಾನೇ ಅಡುಗೆಮನೆಯಿಂದ ಹಾಲು ಕಾಯಿಸಿ ತಂದಳು.

ಮರಿಗಳು ಕಣ್ಣು ಬಿಟ್ಟಿದ್ದವು, ಆಗ ಇನ್ನೊಂದು ಆಪತ್ತು. ಒಂದು ಬೆಳಗ್ಗೆ ಬೆಣ್ಣಿ ಗಡಗಡ ನಡುಗತೊಡಗಿದಳು. ಕಾಲು ಕಟ್ಟಿಗೆಯಂತೆ ಸೆಟೆದುಕೊಂಡವು. "ಮೈಯಾಗಿನ ಕ್ಯಾಲ್ಸಿಯಂ ಎಲ್ಲಾ ಹಾಲಿಗೆ ಹೋಗೈತಿ. ಲಗೂ ಗಾಡಿ ತಗಿ" ಎಂದರು ವೈನಿ. ನಾನು ವೈನಿಯನ್ನೂ ಬೆಣ್ಣಿಯನ್ನೂ ಪಶು ದವಾಖಾನೆಗೆ ಕರೆದೊಯ್ದೆ. ಮರಿಗಳನ್ನು ಅವ್ವನಿಗೆ ಒಪ್ಪಿಸಿದ್ದಾಯಿತು. ಆ ಕೊನೆಯ ಮರಿ ಮಾತ್ರ ಸಣ್ಣದು, ಒಂಟಿಯಾಗಿ ಬಿಟ್ಟರೆ ತಣ್ಣಗಾಗುತ್ತಿತ್ತು. ವೈನಿ ಹೊರಡುವ ಅವಸರದಲ್ಲಿ ಅದನ್ನು ಅಣ್ಣನ ಅಂಗಿಯೊಳಗೆ ಇಳಿಬಿಟ್ಟು ಗುಂಡಿ ಹಾಕಿದರು. "ಮೈ ಬಿಸಿ ತಾಗತಿರಬೇಕು. ತಗೀಬ್ಯಾಡ್ರಿ."

ಮುಂದಿನದು ನಮ್ಮ ಗುಮಾಸ್ತ ನನಗೆ ಹೇಳಿದ್ದು.

ಬಿತ್ತನೆಯ ಕಾಲ. ಅಂಗಡಿ ಮುಚ್ಚುವಂತಿಲ್ಲ. ಅಣ್ಣ ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. ಹೊಸರಿತ್ತಿಯ ರೈತರೊಬ್ಬರು ಗೋವಿನಜೋಳದ ಬೀಜ ಕೇಳಲು ಬಂದರು. ಮಾತು ಅರ್ಧಕ್ಕೆ ಬಂದಾಗ ಅಂಗಿಯೊಳಗಿಂದ "ಕುಂಯ್" ಎಂದಿತು.

"ಸಾವಕಾರ್ರ, ಮುಂಜಾನಿಂದ ಏನೂ ತಿಂದಿಲ್ಲೇನ್ರಿ?"

ಊರಿನ ದೊಡ್ಡ ವ್ಯಾಪಾರಿ ಅಂಗಿಯೊಳಗೆ ನಾಯಿಮರಿ ಇದೆ ಎನ್ನುವುದು ಹೇಗೆ? "ಹೂಂನ್ರಿ. ಗ್ಯಾಸ್ ಆಗೈತಿ" ಎಂದ ಅಣ್ಣ.

ಅಷ್ಟರಲ್ಲಿ ಅಂಗಿಯ ಉಬ್ಬು ಎಡಗಡೆಯಿಂದ ಬಲಗಡೆಗೆ ಹೊರಟಿತು. ರೈತರು ಒಂದು ಹೆಜ್ಜೆ ಹಿಂದೆ ಸರಿದರು. "ಗ್ಯಾಸ್ ಹಿಂಗ ಅಡ್ಡಾಡತೈತೇನ್ರಿ?"

ಅದೇ ಹೊತ್ತಿಗೆ ದವಾಖಾನೆಯಿಂದ ವೈನಿಯ ಫೋನು. ಇಂಜೆಕ್ಷನ್ ಆಯಿತು, ಬೆಣ್ಣಿ ಎದ್ದು ಕೂತಳು, ನೀರು ಕುಡಿದಳು. ಅಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ ಎದುರಿಗೆ ಗಿರಾಕಿ ಇರುವುದೇ ಮರೆತುಹೋಯಿತು. "ಹೌದೇನ? ಆರಾಮ ಅದಾಳ? ಇಲ್ಲೆ ಇದನ್ನೂ ಎದಿಗೆ ಅವಚಿಕೊಂಡ ಕುಂತೇನಿ. ಹಾಲ ಕುಡಿಸೂ ಹೊತ್ತ ಆತು, ಈಗ ಕುಡಿಸ್ತೀನಿ" ಎಂದು ಕೂಗಿದ.

ರೈತರು ತಮ್ಮ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಬಾಗಿಲ ಕಡೆ ಹೊರಟರು. "ಬೀಜಕ್ಕ ಅವಸರ ಇಲ್ರಿ ಸಾವಕಾರ್ರ. ನೀವು ಬಾಣಂತನ ಮುಗಸ್ರಿ, ನಾ ಆಮ್ಯಾಲೆ ಬರ್ತೀನಿ."

ತ್ರೀ ಫೇಸ್

ಮರಿಗಳು ಅಂಗಳ ತುಂಬ ಉರುಳಾಡುವಂತಾದವು. ಬಿಳಿ-ಕಂದು ಒಂದು, ಅಪ್ಪನಂತೆ ಕಪ್ಪು ಒಂದು, ಪೂರ್ತಿ ಕೆಂಪು ಒಂದು, ಮೂರೂ ಬಣ್ಣ ಸೇರಿದ್ದು ಒಂದು, ಮತ್ತೆ ಅಣ್ಣನ ಅಂಗಿಯಲ್ಲಿ ಬೆಳೆದದ್ದು. ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ಅಣ್ಣ ಮೊದಲೇ ಹೇಳಿಬಿಟ್ಟಿದ್ದ. ಉಳಿದವನ್ನು ಒಳ್ಳೆಯ ಮನೆಗೆ ಕೊಡಬೇಕು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹೋಗುತ್ತ ಹೋಗುತ್ತ 'ಸ್ಪ್ಯಾನಿಯಲ್' ಸವೆದು 'ಪ್ಯಾನಲ್' ಆಯಿತು. ನಮ್ಮ ಕಡೆ ಪ್ಯಾನಲ್ ಎಂದರೆ ಬೋರ್‌ವೆಲ್ಲಿನ ಮೋಟಾರು ಚಾಲೂ ಮಾಡುವ ಕರೆಂಟಿನ ಡಬ್ಬಿ.

ಕರ್ಜಗಿಯಿಂದ ಒಬ್ಬ ರೈತರು ಫೋನ್ ಮಾಡಿದರು. ವೈನಿ ಸ್ಪೀಕರ್ ಹಾಕಿ, ಮರಿಗಳಿಗೆ ಉಣಿಸುತ್ತಲೇ ಮಾತಾಡಿದರು.

"ನಮಸ್ಕಾರ್ರಿ ಅಕ್ಕಾರ. ನಿಮ್ಮಲ್ಲೆ ಪ್ಯಾನಲ್ ಅದಾವಂತ, ಖರೇನ್ರಿ?"

"ಅದಾವ್ರಿ. ಎಲ್ಲಾ ಮನ್ಯಾಗ ಹುಟ್ಟಿದ್ವು."

"ಮನ್ಯಾಗ ಮಾಡ್ತೀರಾ? ಭೇಷ್. ತ್ರೀ ಫೇಸ್ ಐತೇನ್ರಿ?"

'ಫೇಸ್' ಎಂದರೆ ಮುಖ ಎಂದು ವೈನಿ ತಿಳಿದರು. "ಮಾರಿ ಮ್ಯಾಲೆ ಮೂರು ಬಣ್ಣದ್ದ ಕೇಳಾಕತ್ತೀರೇನ್ರಿ? ಒಂದೈತಿ. ಕಪ್ಪು, ಬಿಳಿ, ಕಂದು."

"ಹಾಂ, ಮೂರು ವೈರಿಗೆ ಮೂರು ಬಣ್ಣ ಇರಬೇಕಲ್ರಿ ಮತ್ತ. ಕೈ ಹಚ್ಚಿದ್ರ ಏನೂ ಆಗೂದಿಲ್ಲಲ್ರಿ?"

"ಏನೂ ಆಗೂದಿಲ್ರಿ. ನೆಕ್ಕತೈತಿ, ಅಷ್ಟ."

"...ನೆಕ್ಕತೈತಿ?"

"ಪ್ರೀತಿಲೆ ರಿ. ಅದಿರಲಿ, ನೀವು ಇದನ್ನ ಎಲ್ಲೆ ಇಡಾವ್ರು?" ಇದು ವೈನಿ ಎಲ್ಲರಿಗೂ ಕೇಳುವ ಪ್ರಶ್ನೆ.

"ಹೊಲದಾಗ ರಿ. ಬೋರಿನ ಮಗ್ಗಲಾ ಒಂದ ಕಂಬ ಐತಿ. ಅದಕ್ಕ ಬಡದ ಬಿಡ್ತೀನಿ."

"ಏನಂದ್ರಿ?"

"ಕಂಬಕ್ಕ ಬಡೀತೀನ್ರಿ. ಮೂಲಿ ಮೂಲಿಗೆ ಒಂದೊಂದು ಮೊಳಿ ಹೊಡದ್ರ ಗಾಳಿಗೂ ಅಲುಗಾಡೂದಿಲ್ಲ."

ವೈನಿಯ ಕೈಯಿಂದ ಹಾಲಿನ ಬಟ್ಟಲು ಬಿತ್ತು. "ನೀವು ಮನಶ್ಯಾರೇನ್ರಿ? ಪೊಲೀಸರಿಗೆ ಹೇಳ್ತೀನಿ!" ಎಂದು ಚೀರಿದರು. ಆ ಕಡೆಯವರೂ ಗಾಬರಿಯಾಗಿ, "ಲೈಸನ್ಸ್ ಬೇಕಾಗತೈತೇನ್ರಿ?" ಎಂದರು. ನಾನು ಫೋನ್ ಕಸಿದುಕೊಂಡು ನಡೆದದ್ದೇನೆಂದು ಬಿಡಿಸಿ ಹೇಳಿದೆ. ಆ ಮನುಷ್ಯ ಎಷ್ಟು ನಕ್ಕರೆಂದರೆ ಸಂಜೆ ಬೈಕ್ ಹತ್ತಿ ಆ 'ಪ್ಯಾನಲ್' ನೋಡಲೆಂದೇ ಬಂದರು. ಮೂರು ಬಣ್ಣದ ಮರಿ ಅವರ ಚಪ್ಪಲಿಯ ಮೇಲೆ ಕೂತು ತಲೆಯೆತ್ತಿ ನೋಡಿತು. ಅವರು ಕೂತಲ್ಲೇ ಕರಗಿದರು. ಮನೆಯಲ್ಲಿ ಹಗಲು ಯಾರಿರುತ್ತಾರೆ, ಎಲ್ಲಿ ಮಲಗಿಸುತ್ತೀರಿ, ಬಿಸಿಲಿಗೆ ಏನು ಮಾಡುತ್ತೀರಿ ಎಂದು ವೈನಿ ಕೇಳಿದ್ದಕ್ಕೆಲ್ಲ ಮಗುವಿನಂತೆ ಉತ್ತರ ಕೊಟ್ಟು ಪಾಸಾದರು. ಮರಿಯನ್ನು ಎತ್ತಿಕೊಂಡು ಹೆಂಡತಿಗೆ ಫೋನ್ ಮಾಡಿದ್ದನ್ನು ನಾನೇ ಕೇಳಿದ್ದೇನೆ.

"ಹೂಂ, ಪ್ಯಾನಲ್ ಸಿಕ್ತು. ಇಲ್ಲ, ಹೊಲಕ್ಕ ಅಲ್ಲ, ಮನೀಗೆ. ಕರೆಂಟ್ ಬ್ಯಾಡಂತ, ಹಾಲಿನ ಮ್ಯಾಲ ನಡೀತೈತಂತ."

ಬ್ಯಾಡಗಿಯ ಕಣ್ಣು

ಕೆಂಪು ಮರಿಯನ್ನು ಕೇಳಿದವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಮನೆ ನೋಡದೆ ಮರಿ ಕೊಡುವವರಲ್ಲ ವೈನಿ. ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟೆವು. ಮಾರುಕಟ್ಟೆಯ ಸೀಜನ್ನು, ಊರಿಗೆಲ್ಲ ಘಾಟು. ಕಾರಿನ ಕಿಟಕಿ ಏರಿಸಿದ್ದರೂ ಮೊದಲು ನಾನು ಸೀನಿದೆ, ಆಮೇಲೆ ವೈನಿ, ಆಮೇಲೆ ಬುಟ್ಟಿಯೊಳಗಿಂದ ಒಂದು ಪುಟ್ಟ ಸೀನು. "ಮನಿ ಪ್ಯಾಟಿಗೆ ಹತ್ತಿರ ಇದ್ರ ನಾ ಕೊಡಂಗಿಲ್ಲ" ಎಂದು ವೈನಿ ದಾರಿಯಲ್ಲೇ ತೀರ್ಪು ಕೊಟ್ಟರು. ಪುಣ್ಯಕ್ಕೆ ಅವರ ಮನೆ ಊರ ಹೊರಗೆ, ತೋಟದ ನಡುವೆ ಇತ್ತು. ಅಲ್ಲಿ ಯಾರೂ ಸೀನಲಿಲ್ಲ.

ವ್ಯಾಪಾರಿ ಒಳ್ಳೆಯ ಮನುಷ್ಯ. ಹೆಂಡತಿ, ಮಕ್ಕಳು, ಅತ್ತಿಗೆ ಎಲ್ಲರೂ ಸುತ್ತ ನೆರೆದರು. ಆದರೆ ಬೆಳಗಿನಿಂದ ಸಂಜೆಯವರೆಗೆ ಕೆಂಪು ಬಣ್ಣವನ್ನೇ ಅಳೆಯುವ ಕಣ್ಣು ಮನೆಗೆ ಬಂದ ಕೂಡಲೇ ಬೇರೆಯಾಗುತ್ತದೆಯೇ? ಮರಿಯನ್ನು ಅಂಗೈಯ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಬೆನ್ನಿನ ಕೂದಲನ್ನು ಒಮ್ಮೆ ಒರೆಸಿ, ಬೆರಳಿಗೆ ಬಣ್ಣ ಹತ್ತಿದೆಯೇ ಎಂದು ನೋಡಿದರು. ಮೂಗಿನ ಹತ್ತಿರ ತಂದು ಮೂಸಿದರು.

"ಹೊಳಪು ಚಲೋ ಐತಿ. ಎಣ್ಣಿ ಗಿಣ್ಣಿ ಸವರಿಲ್ಲಲ್ರಿ?"

"ಇಲ್ರಿ. ಹುಟ್ಟಿದ ಬಣ್ಣ ಅದು," ಎಂದರು ವೈನಿ.

"ಇಟ್ಟಂಗ ಬಣ್ಣ ಇಳೀತೈತೇನ್ರಿ?"

"ಬೆಳೆದಂಗ ಏರತೈತ್ರಿ."

"ವಾವ್ವಾ! ಹಂಗಂದ್ರ ಮನ್ಯಾಗ ದಾಸ್ತಾನ ಇಟ್ರ ಲುಕಸಾನ ಇಲ್ಲ" ಎಂದು ಹೆಂಡತಿಯ ಕಡೆ ನೋಡಿದರು. ಆ ತಾಯಿ ಹಣೆ ಚಚ್ಚಿಕೊಂಡರು. "ನಾಯಿ ನೋಡ್ರಿ ಅಂದ್ರ ಮಾಲು ನೋಡಾಕತ್ತೀರಲ್ರಿ."

ಇಷ್ಟು ಹೊತ್ತು ಸುಮ್ಮನಿದ್ದ ಮರಿಗೆ ಈ ಪರೀಕ್ಷೆ ಸಾಕಾಗಿರಬೇಕು. ಅವರ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ನಿಧಾನವಾಗಿ, ಧಾರಾಳವಾಗಿ ಉಚ್ಚೆ ಹೊಯ್ದಿತು. ಮಕ್ಕಳು ಕೂಗಿಕೊಂಡರು. ವೈನಿ ಎದ್ದು ನಿಂತರು, ಕ್ಷಮೆ ಕೇಳಲು ಬಾಯಿ ತೆರೆದರು. ಮನುಷ್ಯ ಕದಲಲಿಲ್ಲ. ಒದ್ದೆಯಾದ ಅಂಗಿಯನ್ನು ನೋಡಿದರು, ಮರಿಯನ್ನು ನೋಡಿದರು, ತಮ್ಮ ಅಷ್ಟು ವರ್ಷದ ಅನುಭವವನ್ನೆಲ್ಲ ಸೇರಿಸಿ ಹೇಳಿದರು:

"ಬಣ್ಣ ಒಂದ ನಂಬರ್ ಐತ್ರಿ. ಆದ್ರ ಮಾಲು ಇನ್ನಾ ಹಸಿ ಐತಿ."

ಹೆಣ್ಣು ನೋಡುವ ಶಾಸ್ತ್ರ

ಬೆಣ್ಣಿಗೆ ನಮ್ಮ ಓಣಿಯ ಎಲ್ಲ ಮನೆಯೂ ತವರುಮನೆ. ಯಾರ ಮನೆಯಲ್ಲಿ ಚಾಪೆ ಹಾಸಿದರೂ ಹೋಗಿ ಕೂಡುತ್ತಾಳೆ. ಪಕ್ಕದ ಮನೆಯ ಹುಡುಗಿಯನ್ನು ನೋಡಲು ಹಾವೇರಿಯಿಂದ ಗಂಡಿನವರು ಬಂದ ದಿನವೂ ಹಾಗೇ ಆಯಿತು. ವೈನಿ ಅಂದೇ ಬೆಣ್ಣಿಗೆ ಸ್ನಾನ ಮಾಡಿಸಿ, ಕಿವಿಯ ಕೂದಲನ್ನು ಬಾಚಿ ಬಾಚಿ ಅಲೆ ಮಾಡಿದ್ದರು. ನಾವು ಅವಳನ್ನು ಕರೆತರಲು ಹೋಗುವಷ್ಟರಲ್ಲಿ ಅವಳು ಹುಡುಗನ ತಾಯಿಯ ತೊಡೆಯೇರಿದ್ದಳು. ಆ ತಾಯಿಗೆ ಖುಷಿಯೋ ಖುಷಿ, "ಇರಲಿ ಬಿಡ್ರಿ" ಎಂದರು. ವೈನಿಯೂ ನಾನೂ ಬಾಗಿಲ ಹತ್ತಿರ ನಿಂತೆವು.

ಹುಡುಗಿಯ ತಾಯಿ ಒಳಗೆ ಅಡುಗೆಮನೆಯಲ್ಲಿ ಚಾ ಸೋಸುತ್ತಿದ್ದರು. ಅಲ್ಲಿಂದ ಪಡಸಾಲೆ ಕಾಣುವುದಿಲ್ಲ, ಮಾತು ಕೇಳುತ್ತದೆ. ನಾಯಿ ಬಂದದ್ದು ಅವರಿಗೆ ಗೊತ್ತೇ ಇಲ್ಲ.

"ಏನ ಕೂದಲಾರಿ! ರೇಷ್ಮಿ ಆದಂಗ ಆಗ್ಯಾವ" ಎಂದರು ಹುಡುಗನ ತಾಯಿ.

"ಹುಟ್ಟಾ ಹಂಗ ಅದಾವ್ರಿ," ಒಳಗಿನಿಂದ ಹೆಮ್ಮೆಯ ಉತ್ತರ.

"ಏನ ಹಚ್ತೀರಿ?"

"ಶೀಗಿಕಾಯಿರಿ. ವಾರಕ್ಕೊಮ್ಮೆ ಕೊಬ್ರಿ ಎಣ್ಣಿ."

"ಗುಣಾನೂ ಭಾಳ ಚಲೋ ಕಾಣತೈತಿ."

"ಭಾಳ ಶಾಂತ ಐತ್ರಿ. ಯಾರ ಬಂದ್ರೂ ನಕ್ಕೋಂತ ಮಾತಾಡಸ್ತೈತಿ. ದೊಡ್ಡವರಿಗೆ ಎದುರ ಮಾತಾಡಿದ್ದ ನಾ ಕಾಣೆ."

"ಬೊಗಳೂದ ಇಲ್ಲನ್ರಿ?"

"ಸಿಟ್ಟು ಬಂದ್ರ ಒಂದ ಮಾತ ಅಂದೀತ್ರಿ. ಯಾರ ಅನ್ನೂದಿಲ್ಲ?" ಎಂದು ತಡವರಿಸಿದರು ಹುಡುಗಿಯ ತಾಯಿ.

ವೈನಿ ಸೆರಗು ಬಾಯಿಗೆ ಒತ್ತಿ ಹಿಡಿದಿದ್ದರು. ನಡುವೆ ಬಾಯಿ ಹಾಕಬೇಕು ಎಂದು ನಾನು ಮುಂದೆ ಬರುವಷ್ಟರಲ್ಲಿ ಹುಡುಗನ ತಾಯಿ ಬೆಣ್ಣಿಯ ಹೊಟ್ಟೆ ಸವರುತ್ತ ಕೇಳಿಯೇಬಿಟ್ಟರು: "ಇದು ಮರಿ ಎಷ್ಟ ಹಾಕೇತ್ರಿ?"

ಒಳಗೆ ತಾಟು, ಕಪ್ಪು, ಬಸಿ ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ಕೋಣೆಯಲ್ಲಿದ್ದ ಹುಡುಗಿಗೆ ಎಲ್ಲ ಕೇಳಿತ್ತು. ಬಾಗಿಲ ಸಂದಿಯಿಂದ ಎಲ್ಲ ಕಂಡೂ ಇತ್ತು. ಯಾರೂ ಕರೆಯುವ ಮೊದಲೇ ಅವಳು ನಗುನಗುತ್ತ ಹೊರಗೆ ಬಂದುಬಿಟ್ಟಳು. ಅವಳನ್ನು ನೋಡಿ ಹುಡುಗನೂ ನಗತೊಡಗಿದ. ತಲೆ ತಗ್ಗಿಸಿ ಕೂತಿದ್ದರೆ ಆಗದಿದ್ದ ಪರಿಚಯ ಆ ನಗುವಿನಲ್ಲಿ ಆಗಿಹೋಯಿತು. ಲಗ್ನವೂ ಆಯಿತು. ಲಗ್ನದ ಊಟದಲ್ಲಿ ಹುಡುಗನ ತಾಯಿ ವೈನಿಯ ಪಕ್ಕ ಬಂದು ಕೂತು ಗುಟ್ಟಾಗಿ ಹೇಳಿದರು:

"ಸೊಸಿ ಬಂಗಾರದಂಥಾಕಿ. ಆದ್ರೂ ಖರೇ ಹೇಳ್ತೀನ್ರಿ, ಅವತ್ತ ಮೊದಲ ಮನಸಿಗೆ ಬಂದದ್ದು ನಿಮ್ಮಾಕಿನ."

ಬಸ್‌ಸ್ಟ್ಯಾಂಡಿನ ದಾರಿ

ಇದು ಹೋದ ಬೇಸಿಗೆಯಲ್ಲಿ ನಡೆದದ್ದು. ಮಧ್ಯಾಹ್ನ ವೈನಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು. ಹಿತ್ತಲ ಬಾಗಿಲು ತೆರೆದಿತ್ತು. ವೈನಿ ಕೆಳಗಿಳಿದು ಬಂದು ನೋಡಿದರೆ ಬೆಣ್ಣಿ ಇಲ್ಲ. ಹಿತ್ತಲಲ್ಲಿಲ್ಲ, ಮಂಚದ ಕೆಳಗಿಲ್ಲ, ಪಕ್ಕದ ಮನೆಯಲ್ಲಿಲ್ಲ, ಓಣಿಯಲ್ಲೇ ಇಲ್ಲ.

ಅಂಗಡಿಗೆ ಫೋನ್ ಬಂದಾಗ ವೈನಿಯ ದನಿ ಗುರುತೇ ಸಿಗಲಿಲ್ಲ. "ಬೆಣ್ಣಿ ಹೋತ್ರಿ... ಯಾರೋ ಒಯ್ದಾರ..." ಅಣ್ಣ ಗಿರಾಕಿಗಳ ಮುಂದೆಯೇ ಎದ್ದು, "ನಾಳೆ ಬರ್ರಿ" ಎಂದು ಬಾಗಿಲು ಎಳೆದ. ನಾನು ಬೈಕ್ ತೆಗೆದೆ, ಅಣ್ಣ ಸ್ಕೂಟರು ತೆಗೆದ. ದಾರಿಯಲ್ಲಿ ಬರಿಗಾಲಲ್ಲಿ ಓಡಿ ಬರುತ್ತಿದ್ದ ವೈನಿ ಸಿಕ್ಕರು. ಕಾದ ಡಾಂಬರು, ಅವರಿಗೆ ಅದರ ಅರಿವೇ ಇಲ್ಲ. ಗಟ್ಟಿಗಿತ್ತಿ ವೈನಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅವರನ್ನು ಅಣ್ಣನ ಸ್ಕೂಟರಿಗೆ ಹತ್ತಿಸಿ, ಎಲ್ಲರೂ ಓಣಿ ಓಣಿ ಸುತ್ತಿದೆವು.

ಆಮೇಲೆ ತಿಳಿದಂತೆ, ಬೆಣ್ಣಿ ಮಾಡಿದ್ದು ಇಷ್ಟೇ. ಹಿತ್ತಲ ಬಾಗಿಲಿನಿಂದ ಒಬ್ಬ ಅಪರಿಚಿತ ಮನೆಯೊಳಗೆ ಬಂದಿದ್ದ. ಬಂದವನು ಯಾರೇ ಆಗಲಿ, ಬೆಣ್ಣಿಯ ಲೆಕ್ಕದಲ್ಲಿ ಅವನು ನೆಂಟ. ಅವನು ಒಳಗೆ ಓಡಾಡುವಾಗ ಜೊತೆಗೇ ಓಡಾಡಿದ್ದಾಳೆ. ಅವನು ಹೆಗಲಿಗೆ ಚೀಲ ಹಾಕಿಕೊಂಡು ಹೊರಟಾಗ, ನೆಂಟರನ್ನು ಬಿಟ್ಟು ಬರುವುದು ಮರ್ಯಾದೆ ಎಂದು ಅವಳೂ ಹೊರಟಿದ್ದಾಳೆ. ಅವನು "ಹಚಾ" ಎಂದಾಗ ಕೂತು ಕೈ ಕೊಟ್ಟಿದ್ದಾಳೆ. ಅವನು ಬಿರಬಿರನೆ ನಡೆದರೆ ಆಟವೆಂದು ಓಡಿದ್ದಾಳೆ. ಕಾಟ ತಪ್ಪಲಿ ಎಂದು ಅವನು ಒಂದು ಬಿಸ್ಕಿಟು ಎಸೆದ. ಅದು ದೊಡ್ಡ ತಪ್ಪಾಯಿತು. ಆಮೇಲೆ ಅವಳು ಅವನ ಕಾಲಿನ ಮಗ್ಗುಲು ಬಿಟ್ಟು ಒಂದು ಗೇಣೂ ಸರಿಯಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವ ಅಜ್ಜಿ ಇದನ್ನು ನೋಡಿದಳು. ಬೆಣ್ಣಿಯನ್ನು ಗುರುತಿಸದವರು ಆ ದಾರಿಯಲ್ಲಿ ಇಲ್ಲ.

"ಏ ತಮ್ಮಾ, ನಿಂದ್ರು. ಆ ನಾಯಿ ಬೀಜದಂಗಡಿ ವೈನಿಯಾರದ. ಎಲ್ಲಿಗೆ ಒಯ್ಯಾಕತ್ತಿ?"

"ನಾ ಒಯ್ಯಾಕತ್ತಿಲ್ಲಬೇ. ಅದ ಬೆನ್ನ ಹತ್ತೈತಿ."

"ಎಲ್ಲಾ ಕಳ್ಳರೂ ಹಂಗ ಅಂತಾರ. ಹಿಡೀರಿ ಅವನ್ನ!"

ಚಾದಂಗಡಿಯಿಂದ ಜನ ಎದ್ದು ಬಂದರು. ಆಟೋದವರು ಇಳಿದು ಬಂದರು. ನಾವು ತಲುಪುವ ಹೊತ್ತಿಗೆ ಅವನ ಸುತ್ತ ಕೋಟೆ ಕಟ್ಟಿದಂತೆ ಮಂದಿ. ಒಬ್ಬರು ಅವನ ಅಂಗಿ ಹಿಡಿದಿದ್ದರು, ಇನ್ನೊಬ್ಬರು ಕೈ ಎತ್ತಿದ್ದರು. ನಡುವೆ ಬೆಣ್ಣಿ ಅವನ ಪಾದದ ಹತ್ತಿರ ಕೂತು ಎಲ್ಲರಿಗೂ ಬಾಲ ಆಡಿಸುತ್ತಿದ್ದಳು. ವೈನಿ ಜನರನ್ನು ಸರಿಸಿಕೊಂಡು ಹೋಗಿ ನೆಲಕ್ಕೆ ಕೂತು ಅವಳನ್ನು ಅಪ್ಪಿಕೊಂಡರು. ಬೆಣ್ಣಿ ಅವರ ಕಣ್ಣೀರನ್ನೆಲ್ಲ ನೆಕ್ಕಿದಳು.

ಅಣ್ಣ ಅವನ ಕೊರಳಪಟ್ಟಿಗೆ ಕೈ ಹಾಕಿದ. ಅಣ್ಣನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ. "ನಮ್ಮನಿ ಮಗಳನ್ನ ಕದೀತೀಯೇನ್ಲೇ? ನಡಿ ಠಾಣೆಕ್ಕ!"

ಆ ಮನುಷ್ಯನ ಮುಖದಲ್ಲಿ ರಕ್ತವಿರಲಿಲ್ಲ. ಮಾಡದ ಅಪರಾಧವನ್ನು ತಲೆಯ ಮೇಲೆ ಹಾಕುತ್ತಿದ್ದಾರಲ್ಲ ಎಂಬ ಸಂಕಟಕ್ಕೆ ಅವನಿಗೆ ಅಳುವೇ ಬಂದುಬಿಟ್ಟಿತು. ಎರಡೂ ಕೈ ಜೋಡಿಸಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ:

"ದೇವರಾಣಿ ಮಾಡಿ ಹೇಳ್ತೀನ್ರಿ! ನಾ ನಾಯಿ ಕದ್ದಿಲ್ರಿ! ನಾ ಬರೇ ಮಿಕ್ಸರ್ ಕದ್ದೇನ್ರಿ!"

ಅಲ್ಲಿಯವರೆಗೆ ಅವನ ಹೆಗಲ ಚೀಲದ ಕಡೆಗೆ ಒಬ್ಬರೂ ನೋಡಿರಲಿಲ್ಲ. ವೈನಿ ಬೆಣ್ಣಿಯ ಕಿವಿಗಳ ನಡುವಿನಿಂದ ಮೆಲ್ಲಗೆ ಮುಖ ಎತ್ತಿ ಕೇಳಿದರು:

"ಯಾವ ಮಿಕ್ಸರ್?"